ಮೊಗ್ಗು ಚಿವುಟಿದ ವರ್ಷ

ನಮ್ಮ ಮನೆಯಲ್ಲಿ ಕೂತಲ್ಲಿ ಕೂತವರನ್ನು ನಾನು ಕಂಡದ್ದು ಕಡಿಮೆ. ಅಪ್ಪ ದಿನಕ್ಕೆ ಐದು ಸಲ ತೋಟಕ್ಕೆ ಹೋಗಿ ಬರುತ್ತಿದ್ದ. ಕರೆಂಟು ಬಂತೆಂದು ಒಮ್ಮೆ, ಹೋಯಿತೆಂದು ಒಮ್ಮೆ, ಮೋಟಾರು ನೀರೆತ್ತುತ್ತಿದೆಯೋ ಬರೀ ಸದ್ದು ಮಾಡುತ್ತಿದೆಯೋ ನೋಡಲು ಮತ್ತೊಮ್ಮೆ. ಅವ್ವ ಊಟಕ್ಕೆ ಕೂತರೆ ಮುದ್ದೆ ಮುರಿಯುವಷ್ಟರಲ್ಲಿ ಮೂರು ಸಲ ಎದ್ದಿರುತ್ತಿದ್ದಳು. ಉಪ್ಪು ತರಬೇಕು, ಎಮ್ಮೆ ಯಾಕೋ ಕೂಗಿತು, ಹಿತ್ತಿಲ ಬಾಗಿಲಿನ ಅಗಳಿ ಹಾಕಿದೆಯೋ ಇಲ್ಲವೋ. ಅಜ್ಜಿಗೆ ಅಟ್ಟದ ಚಿಂತೆ. ನಮ್ಮ ತಿಪಟೂರು ಕಡೆ ಮನೆಯೆಂದರೆ ಮೊದಲು ಅಟ್ಟ, ಆಮೇಲೆ ಮನುಷ್ಯರಿರುವ ಜಾಗ. ತೋಟದಿಂದ ಬಂದ ಕಾಯಿಯನ್ನು ಅಟ್ಟದ ಮೇಲೆ ಹರವಿ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಅನ್ನುತ್ತದೆ. ಆಗ ಅದು ಕೊಬ್ಬರಿ. ಅಲ್ಲಿಯವರೆಗೂ ಇಲಿ, ಅಳಿಲು, ಸೋರುವ ಹೆಂಚು ಇವುಗಳ ಜೊತೆ ಅಜ್ಜಿಯ ಜಗಳ. ಕೈಯಲ್ಲೊಂದು ಬಿದಿರ ಗಳ ಹಿಡಿದು ನಡುಮನೆಯುದ್ದಕ್ಕೂ ಓಡಾಡುತ್ತಾ, ಸದ್ದಾದ ಕಡೆ ಕೆಳಗಿನಿಂದ ತಟ್ಟುತ್ತಿದ್ದಳು. ಅಟ್ಟ ಹತ್ತಿ ಇಳಿಯುವ ಕೆಲಸ ನನ್ನದು. ಒಬ್ಬಳೇ ಮಗಳು, ಹಗುರಾಗಿದ್ದೆ, ಏಣಿ ನನ್ನ ಭಾರಕ್ಕೆ ಕಿರುಗುಟ್ಟುತ್ತಲೂ ಇರಲಿಲ್ಲ.

ಇಂಥ ಮನೆಗೆ ಗೌರಿ ಹಬ್ಬದ ಹಿಂದಿನ ದಿನ ವಿಮಲತ್ತೆ ಬಂದಳು. ಅಪ್ಪನ ತಂಗಿ. ಅವಳನ್ನು ಚಿಕ್ಕಮಗಳೂರಿನ ಆಚೆ, ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಮಾವನಿಗೆ ಕೊಟ್ಟಿದ್ದರು. ಹಬ್ಬಕ್ಕೆ ತವರಿಗೆ ಬರುವುದು ಇದ್ದದ್ದೇ. ಆದರೆ ಆ ಸಲ ಅವಳ ಒಂದು ಕೈಯಲ್ಲಿ ಎಂದಿಗಿಂತ ದೊಡ್ಡ ಬ್ಯಾಗಿತ್ತು, ಇನ್ನೊಂದು ಕೈಯಲ್ಲಿ ಒದ್ದೆ ಗೋಣಿ ಸುತ್ತಿದ ಕಟ್ಟು. ಜಗಲಿಯ ಮೇಲೆ ಬಿಚ್ಚಿದರೆ ಬೆರಳುದ್ದ ಗೆಣ್ಣಿನ ಮೂರು ಕಡ್ಡಿ.

"ಏನೇ ಅದು?" ಅಜ್ಜಿ ಕೇಳಿದಳು.

"ಬಳ್ಳಿ ಕಣವ್ವ. ಹನಿಸಕಲ್ ಅಂತ. ಬಂಗಲೆ ಗೇಟಿಗೆ ಹಬ್ಬೈತೆ. ಮೊದಲ ದಿನ ಬೆಳ್ಳಗಿರ್ತದೆ, ಮಾರನೇ ದಿನ ಅರಿಶಿನ. ಸಂಜೆಯಾದ್ರೆ ಘಮ್ ಅಂತದೆ."

"ದೇವರಿಗೆ ಏರುಸ್ತಾರಾ?"

"ಏರ್ಸಿದ್ದು ನಾನು ನೋಡಿಲ್ಲ."

"ಮುಡ್ಕಂತಾರಾ?"

"ಬೇಗ ಬಾಡ್ತದೆ."

"ದೇವರಿಗೂ ಇಲ್ಲ, ತಲೆಗೂ ಇಲ್ಲ. ಮತ್ಯಾಕೆ ಅಷ್ಟು ದೂರದಿಂದ ಹೊತ್ಕಂಡು ಬಂದೆ?"

ಅತ್ತೆ ಬಚ್ಚಲಿನ ನೀರು ಹರಿದು ಹೋಗುವ ಜಾಗದಲ್ಲಿ ಗುದ್ದಲಿ ಹಿಡಿದು ಆಗಲೇ ಮಣ್ಣು ಕೆದಕುತ್ತಿದ್ದಳು. ಹಬ್ಬ ಮುಗಿಯಿತು, ಬಾಗಿನ ಕೊಟ್ಟದ್ದಾಯಿತು, ಒಬ್ಬಟ್ಟಿನ ಸಾರು ಮೂರನೇ ದಿನಕ್ಕೆ ಹುಳಿಯೇರಿತು. ಅತ್ತೆಯ ಬ್ಯಾಗು ಮಾತ್ರ ಮೂಲೆಯಲ್ಲಿ ಬಿಚ್ಚಿಕೊಂಡೇ ಇತ್ತು. ಹತ್ತು ದಿನವಾದ ಮೇಲೆ ಅವ್ವ ಅದರಲ್ಲಿದ್ದ ಸೀರೆಗಳನ್ನು ತೆಗೆದು, ಏನೂ ಕೇಳದೆ, ತನ್ನ ಟ್ರಂಕಿನಲ್ಲಿ ಜಾಗ ಮಾಡಿ ಇಟ್ಟಳು. ವಿಷಯ ನನಗೆ ತಿಳಿದದ್ದು ಅಡುಗೆಮನೆಯ ಪಿಸುಮಾತಿನಿಂದ. ಮದುವೆಯಾಗಿ ಆರು ವರ್ಷವಾದರೂ ಅತ್ತೆಗೆ ಮಕ್ಕಳಾಗಿರಲಿಲ್ಲ. ಮಾವನ ತಾಯಿ ಮಗನಿಗೆ ಇನ್ನೊಂದು ಹೆಣ್ಣು ನೋಡಲು ಶುರುಮಾಡಿದ್ದಳು. ಮಾವ ಅದಕ್ಕೆ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲೂ ಇಲ್ಲ.

ನೆಟ್ಟ ಮೂರು ಕಡ್ಡಿಗಳಲ್ಲಿ ಎರಡು ಒಣಗಿದವು. ಒಂದು ಚಿಗುರಿತು. ಆ ಒಂದಕ್ಕೆ ಅತ್ತೆ ತೆಂಗಿನ ನಾರಿನ ಹಗ್ಗವೊಂದನ್ನು ಬಚ್ಚಲಿನ ಗೋಡೆಯಿಂದ ಅಟ್ಟದ ಕಿಟಕಿಯವರೆಗೆ ಕಟ್ಟಿಸಿದಳು. ಬೆಳಿಗ್ಗೆ ಎದ್ದೊಡನೆ ಮುಖ ತೊಳೆಯದೆ ಅಲ್ಲಿಗೆ ಹೋಗಿ, ನಿನ್ನೆಗಿಂತ ಎಷ್ಟು ಸುತ್ತಿಕೊಂಡಿದೆ ನೋಡುವಳು. ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದವಳು ಮೊರವನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುವಳು. ಸಂಜೆ ನನ್ನನ್ನು ಜೊತೆಗೆ ಕರೆಯುವಳು. ಅದುವರೆಗೆ ನನ್ನ ಅಭಿಪ್ರಾಯವನ್ನು ಆ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಭಾಗಿ ಅದು ತಾ, ಭಾಗಿ ಇದು ಇಡು, ಭಾಗಿ ಅಟ್ಟ ಹತ್ತು. ಅತ್ತೆ ಹಗ್ಗದ ಪಕ್ಕ ಕುಕ್ಕರಗಾಲಲ್ಲಿ ಕೂತು, "ನಿಂಗೇನನ್ನಿಸ್ತದೆ ಭಾಗಿ, ಇದನ್ನ ಎಡಕ್ಕೆ ತಿರುಗಿಸೋಣವಾ, ಬಲಕ್ಕಾ?" ಎಂದು ಕೇಳುತ್ತಿದ್ದಳು. ನಾನು ಯೋಚಿಸಿ ಹೇಳುವವರೆಗೂ ಕಾಯುತ್ತಿದ್ದಳು. ಒಂಬತ್ತು ವರ್ಷದ ಹುಡುಗಿಗೆ ಅಷ್ಟು ಸಾಕು. ಅವಳ ಸೆರಗು ಬಿಟ್ಟು ನಾನು ಎಲ್ಲಿಗೂ ಹೋಗದ ಹಾಗಾದೆ.

ಮಾವ ಎರಡು ತಿಂಗಳಿಗೊಮ್ಮೆ ಬರುತ್ತಿದ್ದರು. ಒಂದು ಪೊಟ್ಟಣ ಕಾಫಿಪುಡಿ, ಒಂದು ಚೀಲ ಕಿತ್ತಳೆ. ಜಗಲಿಯ ಮೇಲೆ ಕೂತು ತಾವೇ ತಂದ ಪುಡಿಯ ಕಾಫಿ ಕುಡಿಯುವರು. ಅವರೂ ಅಪ್ಪನೂ ಒಬ್ಬರಿಗೊಬ್ಬರು ಬಾವ ಅನ್ನುತ್ತಾ ಕಾಯಿಯ ಧಾರಣೆಯ ಬಗ್ಗೆ, ಕಾಫಿಗಿಡದ ಬಗ್ಗೆ ಮಾತಾಡುವರು. ಬಂದ ಕೆಲಸ ಇಬ್ಬರ ಬಾಯಲ್ಲೂ ಬಾರದು. ನನಗೆ ಮಾವನನ್ನು ದ್ವೇಷಿಸಬೇಕೆಂಬ ಆಸೆಯಿತ್ತು, ಆಗುತ್ತಿರಲಿಲ್ಲ. ಕಿತ್ತಳೆ ಸುಲಿದು ನಾರು ತೆಗೆದು ತೊಳೆ ತೊಳೆಯಾಗಿ ನನ್ನ ಕೈಗಿಡುತ್ತಿದ್ದರು. ಮೂರನೇ ಸಲ ಬಂದಾಗ ಅಪ್ಪನಿಗೆ ತಾಳ್ಮೆ ತಪ್ಪಿತು. ಅತ್ತೆ ಆಗ ಅಂಗಳದ ಪಕ್ಕದಲ್ಲೇ ಬಳ್ಳಿಯನ್ನು ಹಗ್ಗಕ್ಕೆ ಸುತ್ತುತ್ತಾ ನಿಂತಿದ್ದಳು.

"ವಿಮಲ, ಬಾವ ಮೂರನೇ ಸಲ ಬಂದವ್ರೆ. ಹೋಯ್ತೀಯೋ ಇಲ್ವೋ, ಒಂದು ಮಾತು ಹೇಳ್ಬುಡು."

ಅತ್ತೆ ತಿರುಗಲಿಲ್ಲ.

"ಈ ಬಳ್ಳಿ ಹೂ ಬುಡ್ಲಿ ಅಣ್ಣಯ್ಯ. ಬುಟ್ಟ ದಿವಸ ಹೇಳ್ತೀನಿ."

"ಹುಡುಗಾಟ ಅನ್ಕಂಡಿದ್ದೀಯ?" ಅಪ್ಪ ಎದ್ದು ನಿಂತ.

ಮಾವ ಲೋಟ ಕೆಳಗಿಟ್ಟರು. "ಇರ್ಲಿ ಬುಡಿ ಬಾವ. ಅಲ್ಲೀತನಕ ನಾನು ಕಾಯ್ತೀನಿ," ಎಂದರು. ಅವರು ಬಸ್ಸಿಗೆ ಹೊರಟಾಗ ಅತ್ತೆ ಬಾಗಿಲ ಮರೆಯಲ್ಲಿ ನಿಂತು ಅವರು ತಿರುವು ದಾಟುವವರೆಗೂ ನೋಡುತ್ತಿದ್ದುದನ್ನು ನಾನು ನೋಡಿದೆ. ಹೂ ಬಿಟ್ಟ ದಿನ ಅತ್ತೆ ಹೋಗಿಬಿಡುತ್ತಾಳೆ. ನನಗೆ ಅರ್ಥವಾದದ್ದು ಅಷ್ಟೇ.

ಮುಂದಿನ ಮುಂಗಾರಿಗೆ ಮೊದಲ ಮೊಗ್ಗು ಬಂತು. ಕೆಳಗೆ ತೆಂಗಿನ ಗರಿಯ ನೆರಳು, ಅಲ್ಲಿ ಬರೀ ಎಲೆ. ಬಿಸಿಲು ಬೀಳುತ್ತಿದ್ದುದು ಮೇಲೆ, ಅಟ್ಟದ ಕಿಟಕಿಯ ಸುತ್ತ. ಮೊಗ್ಗೂ ಅಲ್ಲೇ. ಎಲೆಯ ಬುಡದಲ್ಲಿ ಜೋಡಿ ಜೋಡಿಯಾಗಿ, ಬೆಂಕಿಕಡ್ಡಿಯ ಹಾಗೆ ಸಣ್ಣಗೆ, ತುದಿ ದಪ್ಪಗೆ. ಅತ್ತೆಗೆ ಏಣಿ ಹತ್ತಿದರೆ ತಲೆಸುತ್ತು. ಅಜ್ಜಿಗೆ ಕಣ್ಣು ಮಂಜು. ಅವ್ವನಿಗೆ ತಲೆಯೆತ್ತಿ ನೋಡಲು ಪುರುಸೊತ್ತಿಲ್ಲ. ಅಪ್ಪ ಅಟ್ಟ ಹತ್ತಿದರೂ ಕಾಯಿಯನ್ನಷ್ಟೇ ನೋಡುತ್ತಿದ್ದ. ಒಂದು ಮಧ್ಯಾಹ್ನ ನಾನು ಕಾಯಿ ತಿರುವಿಹಾಕಲೆಂದು ಹತ್ತಿದವಳು ಕಿಟಕಿಯ ಸರಳಿನಿಂದ ಕೈ ಹೊರಗೆ ಹಾಕಿ ಒಂದು ಜೋಡಿ ಮೊಗ್ಗನ್ನು ಉಗುರಿನಿಂದ ಚಿವುಟಿದೆ. ಚಟ್ ಎಂದು ಬಂತು. ಆಮೇಲೆ ಇನ್ನೊಂದು. ಕೆಳಗೆ ಬೀಳಿಸಿದರೆ ಸಿಕ್ಕಿಬೀಳುತ್ತೇನೆಂದು ಖಾಲಿ ಬಿಸ್ಕತ್ತು ಡಬ್ಬವೊಂದರಲ್ಲಿ ಹಾಕಿ ಕಾಯಿರಾಶಿಯ ಹಿಂದೆ ಇಟ್ಟೆ.

ಅಲ್ಲಿಂದ ನನಗೂ ನಿಂತಲ್ಲಿ ನಿಲ್ಲಲಾಗಲಿಲ್ಲ. ಮೊಗ್ಗು ದಿನಾ ಬರುತ್ತಿತ್ತು. ಒಂದು ದಿನ ತಪ್ಪಿದರೆ ಅರಳಿಬಿಡಬಹುದು. ಶಾಲೆಯಿಂದ ಓಡುತ್ತಾ ಬರುತ್ತಿದ್ದೆ. ಕೈಕಾಲು ತೊಳೆಯದೆ ಏಣಿ ಹತ್ತುತ್ತಿದ್ದೆ. ದಸರಾ ರಜೆಗೆ ಅವ್ವನ ತವರು ಹಂದನಕೆರೆಗೆ ಹೋಗುವುದೆಂದರೆ ಮೊದಲೆಲ್ಲ ಪ್ರಾಣ. ಆ ಸಲ ಹೊಟ್ಟೆನೋವೆಂದು ಹೊರಳಾಡಿ ಉಳಿದುಕೊಂಡೆ. "ಈ ಹುಡುಗಿಗೆ ಅಟ್ಟದ ಗಾಳಿ ಹಿಡಿದೈತೆ," ಎಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಇಳಿ ತೆಗೆದಳು. ಮಳೆ ಬಂದರೆ ಮೊಗ್ಗು ಹೆಚ್ಚು, ಹಾಗಾಗಿ ಮಳೆ ಬಂದರೂ ನನಗೆ ದಿಗಿಲು. ಒಮ್ಮೆ ಮಾವ ಬಂದಾಗ ಬಳ್ಳಿಯ ಬುಡದಲ್ಲಿ ನಿಂತು ಮೇಲೆ ನೋಡುತ್ತಾ ನನ್ನನ್ನು ಕೇಳಿದರು:

"ಮೊಗ್ಗು ಗಿಗ್ಗು ಏನಾರಾ ಕಂಡ್ತಾ ಮರಿ?"

"ಇಲ್ಲ ಮಾವ."

"ಬಂಗಲೇಲಿ ಗೋಡೆ ಕಾಣದಂಗೆ ಬುಟ್ಟೈತೆ. ಇಲ್ಯಾಕೋ."

ಅವರು ಕೊಟ್ಟ ಕಿತ್ತಳೆಯನ್ನು ಅವತ್ತು ನಾನು ತಿನ್ನಲಾರದೆ ಎಮ್ಮೆಗೆ ಹಾಕಿದೆ.

ಅತ್ತೆಗೆ ಏನಾಗುತ್ತಿದೆ ಎಂದು ನಾನು ನೋಡಲಿಲ್ಲ. ನೋಡಿದ್ದರೂ ತಿಳಿಯುತ್ತಿರಲಿಲ್ಲವೇನೋ. ಅವಳು ಬುಡಕ್ಕೆ ಬೂದಿ ಹಾಕಿದಳು, ಕೊಟ್ಟಿಗೆ ಗೊಬ್ಬರ ಹಾಕಿದಳು, ಅಕ್ಕಿ ತೊಳೆದ ನೀರು ಹಾಕಿದಳು. ಬುಡದ ಮಣ್ಣು ಬಗೆದು ಬೇರು ಮುಟ್ಟಿ ನೋಡಿ ಮತ್ತೆ ಮುಚ್ಚಿದಳು. ನನ್ನನ್ನು ಜೊತೆಗೆ ಕರೆಯುವುದು ಕಡಿಮೆಯಾಯಿತು. ಎಡಕ್ಕೋ ಬಲಕ್ಕೋ ಎಂದು ಕೇಳುವುದೂ ನಿಂತಿತು. ಊಟಕ್ಕೆ ಕೂತರೆ ಎರಡು ತುತ್ತಿಗೆ ಕೈ ತೊಳೆಯುವಳು. ಅವಳು ಇಲ್ಲೇ ಇದ್ದಾಳಲ್ಲ ಎಂಬುದಷ್ಟೇ ನನ್ನ ಲೆಕ್ಕ. ಒಂದು ವರ್ಷ ಹೀಗೇ ಕಳೆಯಿತು.

ಯುಗಾದಿ ಕಳೆದ ಮೇಲೆ ಒಂದು ದಿನ, ಕೊಬ್ಬರಿ ಸುಲಿಸಲೆಂದು ಅಪ್ಪ ಅಟ್ಟದಿಂದ ಕಾಯಿ ಇಳಿಸುತ್ತಿದ್ದ. ನಾನು ಮೇಲೆ ನಿಂತು ಒಂದೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಗಡಗಡ ಅಂದದ್ದನ್ನು ಅಪ್ಪನ ಬುಟ್ಟಿಗೆ ಹಾಕುತ್ತಿದ್ದೆ. ಕೆಳಗೆ ಅಡುಗೆಮನೆಯಲ್ಲಿ ಅವ್ವನ ದನಿ ಏರಿತು. ಎಮ್ಮೆಗೆಂದು ನೆನೆಹಾಕಿದ್ದ ಕಡಲೆಕಾಯಿ ಹಿಂಡಿಯನ್ನು ಅತ್ತೆ ಬಳ್ಳಿಯ ಬುಡಕ್ಕೆ ಸುರಿದಿದ್ದಳು. ಕರು ಹಾಕಿದ ಎಮ್ಮೆ, ಹಾಲು ಇಳಿಯುತ್ತಿಲ್ಲ, ಅವ್ವ ಬೆಳಗಿನಿಂದ ಅದರ ಹಿಂದೆ ಮುಂದೆ ಓಡಾಡಿ ಸಾಕಾಗಿದ್ದಳು. ಒಂದೇ ಒಲೆಯ ಮುಂದೆ ಒಂದೂವರೆ ವರ್ಷ ಎರಡು ಹೆಂಗಸರು.

"ಹೊಟ್ಟೆಗಿಲ್ದೆ ಎಮ್ಮೆ ಕೂಗ್ಕಂತೈತೆ, ನೀನು ತಗಂಡೋಗಿ ಗೋಡೆಗೆ ತಿನ್ನುಸ್ತಿದ್ದೀಯಲ್ಲ!"

"ಒಂದು ಬೊಗಸೆ ಕಣತ್ತಿಗೆ. ಈ ಸಲ ಹೂ ಬುಡ್ಬೋದು ಅಂತ..."

"ನೀನು ನೆಟ್ಟಿದ್ದು ಹೂ ಬುಡ್ತದಾ ವಿಮಲ? ಬುಡೋ ಕೈ ಆಗಿದ್ರೆ ಆರು ವರ್ಷದಾಗೆ ಬುಡ್ತಿರ್ಲಿಲ್ವಾ?"

ಆಮೇಲೆ ಬಕೆಟ್ಟು ಕೆಳಗಿಟ್ಟ ಸದ್ದಾಯಿತು. ಅವ್ವನಿಗೂ ತಾನು ಆಡಿದ್ದು ಕೇಳಿಸಿರಬೇಕು. ಅಪ್ಪ ಏಣಿಯ ಮೇಲೆ ಬುಟ್ಟಿ ಹಿಡಿದು ಹಾಗೇ ನಿಂತಿದ್ದ. ನಾನು ಕಿಟಕಿಯಿಂದ ನೋಡಿದೆ. ಅತ್ತೆ ಗೋಡೆಗೆ ಸಿಕ್ಕಿಸಿದ್ದ ಮಚ್ಚು ತೆಗೆದುಕೊಂಡು ಬಚ್ಚಲಿನ ಕಡೆಯಿಂದ ಹೊರಗೆ ಬಂದಳು. ಅಳುತ್ತಿರಲಿಲ್ಲ. ಬಳ್ಳಿಯ ಬುಡದಲ್ಲಿ ಕೂತು ಎಲ್ಲಿ ಕಡಿಯಬೇಕೆಂದು ಎಡಗೈಯಿಂದ ಎಲೆ ಸರಿಸುತ್ತಿದ್ದಳು.

ಅಪ್ಪನನ್ನು ದಾಟಿ ಏಣಿ ಹೇಗೆ ಇಳಿದೆನೋ ಗೊತ್ತಿಲ್ಲ. ಅತ್ತೆಯ ಕೈ ಹಿಡಿದುಕೊಂಡೆ.

"ಕಡೀಬ್ಯಾಡ ಅತ್ತೆ. ಅದು ಹೂ ಬುಡ್ತದೆ. ನಾನೇ ಮೊಗ್ಗೆಲ್ಲ ಕಿತ್ತಾಕ್ತಿದ್ದೆ."

ಅತ್ತೆ ನನ್ನ ಮುಖ ನೋಡಿದಳು. ನಂಬಲಿಲ್ಲ. ನಾನು ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದೇನೆಂದು ತಿಳಿದು ತಲೆ ಸವರಿ, "ಹೋಗು ಮಗ, ಒಳಗೋಗು," ಎಂದಳು. ಆ ಸವರುವಿಕೆ ನನಗೆ ತಡೆಯಲಾಗಲಿಲ್ಲ. ಮತ್ತೆ ಅಟ್ಟಕ್ಕೆ ಓಡಿ, ಕಾಯಿರಾಶಿಯ ಹಿಂದಿನ ಡಬ್ಬ ತಂದು ಅವಳ ಮುಂದೆ ಮುಚ್ಚಳ ತೆಗೆದೆ. ಒಂದು ವರ್ಷದ ಮೊಗ್ಗು. ತಳದಲ್ಲಿದ್ದವು ಪುಡಿಯಾಗಿ ಕಪ್ಪಗಾಗಿದ್ದವು, ನಡುವಿನವು ಕಂದು, ಮೇಲೆ ನಿನ್ನೆಯ ಹಸಿರು ಜೋಡಿ. ಅತ್ತೆ ಬೆರಳು ಹಾಕಿ ತಳದವರೆಗೂ ಕೆದಕಿ ನೋಡಿದಳು. ಮಚ್ಚು ಕೆಳಗಿಟ್ಟಳು. ಆಮೇಲೆ ನನ್ನ ಕೆನ್ನೆಗೆ ಹೊಡೆದಳು. ಆ ಮನೆಯಲ್ಲಿ ಎಲ್ಲರ ಕೈಯಿಂದಲೂ ನಾನು ಪೆಟ್ಟು ತಿಂದವಳೇ, ಅತ್ತೆ ಹೊಡೆದದ್ದು ಅದೊಂದೇ ಸಲ.

"ಯಾಕೇ?"

"ಹೂ ಬುಟ್ರೆ ನೀನು ಹೊಂಟೋಯ್ತೀಯ ಅಂತ."

"ಒಂದು ವರ್ಷ ನಾನು ನನ್ನ ಕೈನ, ನನ್ನ ಮೈನ ಬೈಕಂಡೆ ಕಣೇ," ಎಂದಳು. "ನನ್ನ ಕೈ ಸೋಕಿದ್ದೆಲ್ಲ ಹಿಂಗೇ ಅಂತ."

ಹಿಂದೆ ಬಾಗಿಲಲ್ಲಿ ಅವ್ವ ನಿಂತಿದ್ದಳು. ಅಜ್ಜಿಯೂ ಗಳ ಹಿಡಿದು ಬಂದಿದ್ದಳು. ಅವ್ವ ಬಂದು ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ತಪ್ಪಾಯ್ತು ಅನ್ನುವ ಅಭ್ಯಾಸ ನಮ್ಮವರಿಗಿಲ್ಲ. ಅವ್ವ ಹಿಂಡಿಯ ಬಕೆಟ್ಟಿನಲ್ಲಿ ಉಳಿದಿದ್ದುದನ್ನು ತಂದು ಬಳ್ಳಿಯ ಬುಡಕ್ಕೆ ಸುರಿದಳು. ಎಮ್ಮೆ ಕೂಗುತ್ತಲೇ ಇತ್ತು.

ಒಂದು ತಿಂಗಳಿಗೆ ಬಳ್ಳಿ ಹೂ ಬಿಟ್ಟಿತು. ಒಂದಲ್ಲ, ಎರಡಲ್ಲ, ಅಷ್ಟು ದಿನ ತಡೆದದ್ದನ್ನೆಲ್ಲ ಒಟ್ಟಿಗೇ ಬಿಟ್ಟ ಹಾಗೆ. ಕಿಟಕಿಯ ಸುತ್ತ, ಹೆಂಚಿನ ಮೇಲೆ, ಬಿಳಿ ಹಳದಿ, ಹಳದಿ ಬಿಳಿ. ವರ್ಷವಿಡೀ ಕೊಬ್ಬರಿಯ ಎಣ್ಣೆವಾಸನೆ ಹೊಡೆಯುತ್ತಿದ್ದ ನಡುಮನೆಗೆ ಸಂಜೆ ಬೇರೆಯದೇ ಗಾಳಿ ಬರತೊಡಗಿತು. ಜೇನುಹುಳಗಳು ಬಂದವು. ಹಾವು ಬರುತ್ತವೆಂದು ಅಜ್ಜಿ ಹೇಳುತ್ತಿದ್ದಳು. ಹೇಳುತ್ತಲೇ ಹೂವೊಂದರ ತೊಟ್ಟು ಎಳೆದು ಹನಿ ಚೀಪುವುದನ್ನು ನನ್ನಿಂದ ಕಲಿತಳು. ಯಾರಿಗೂ ನೆಮ್ಮದಿಯಿಲ್ಲ. ಅಪ್ಪ ತೋಟಕ್ಕೆ ಹೋಗುವುದು ಬಿಟ್ಟು ಜಗಲಿಯಿಂದ ರಸ್ತೆಗೆ, ರಸ್ತೆಯಿಂದ ಜಗಲಿಗೆ. ಎಸ್ಟೇಟಿಗೆ ಫೋನು ಮಾಡಿಸಿದ್ದ.

ಮಾವ ಬಂದರು. ಕಾಫಿಪುಡಿ, ಕಿತ್ತಳೆ ಏನೂ ಇರಲಿಲ್ಲ. ಬಳ್ಳಿಯ ಮುಂದೆ ಸ್ವಲ್ಪ ಹೊತ್ತು ನಿಂತು, "ಅಲ್ಲಿಗಿಂತ ಇಲ್ಲೇ ಚೆನ್ನಾಗಿ ಬುಟ್ಟೈತೆ," ಎಂದರು. ಅತ್ತೆ ಕೈ ಒರೆಸಿಕೊಂಡು ಹೊರಗೆ ಬಂದಳು. ಆ ಸಲ ಬಾಗಿಲ ಮರೆಯಲ್ಲಿ ನಿಲ್ಲಲಿಲ್ಲ.

"ನಾನು ಬರಲ್ಲ ಕಣ್ರೀ. ನಿಮ್ಮ ಮೇಲೆ ಸಿಟ್ಟಿಲ್ಲ. ನಿಮ್ಮವ್ವ ಅವತ್ತು ಆ ಹೆಣ್ಣಿನ ಫೋಟೋ ಕೈಗೆ ಕೊಟ್ಟಾಗ ನೀವು ಈಸ್ಕಂಡ್ರಿ. ನೋಡ್ಲಿಲ್ಲ, ನಂಗೊತ್ತು. ಆದ್ರೂ ಈಸ್ಕಂಡ್ರಿ."

ಮಾವ ತಲೆ ಬಗ್ಗಿಸಿ, "ಹೂಂ. ಈಸ್ಕಬಾರ್ದಿತ್ತು," ಎಂದರು. ಅಷ್ಟೇ. ಅಪ್ಪನೇ ಅವರನ್ನು ಮೊಪೆಡ್ಡಿನಲ್ಲಿ ಬಸ್‌ಸ್ಟಾಂಡಿಗೆ ಬಿಟ್ಟು ಬಂದ.

ಗೆದ್ದೆ ಎಂದುಕೊಂಡೆ. ಎರಡೇ ದಿನ. ಮೂರನೇ ದಿನ ಅತ್ತೆ ನನ್ನ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ಅರ್ಜಿ ಬರೆಯಲು ಕೂತಳು. ಪಿಯುಸಿ ಪಾಸಾಗಿದ್ದಳು. ತುಮಕೂರಿನಲ್ಲಿ ಟೀಚರ್ ಟ್ರೈನಿಂಗ್ ಸೇರುತ್ತಾಳಂತೆ, ಹಾಸ್ಟೆಲಿನಲ್ಲಿರುತ್ತಾಳಂತೆ. ಅಜ್ಜಿ ಕೂಗಾಡಿದಳು, ಅಪ್ಪ ಊಟ ಬಿಟ್ಟ. ಅತ್ತೆಯ ಪರ ನಿಂತದ್ದು ಅವ್ವ. ತನ್ನ ಟ್ರಂಕಿನಿಂದ ಸೀರೆಗಳನ್ನು ತೆಗೆದು ಮತ್ತೆ ಆ ದೊಡ್ಡ ಬ್ಯಾಗಿಗೆ ತುಂಬಿದವಳೂ ಅವಳೇ. ಅತ್ತೆ ಬಸ್ಸು ಹತ್ತುವಾಗ ನಾನು ಕೊಟ್ಟಿಗೆಯಲ್ಲಿ ಬಚ್ಚಿಟ್ಟುಕೊಂಡಿದ್ದೆ. ಭಾಗೀ ಭಾಗೀ ಎಂದು ಅವಳು ಕೂಗಿದ್ದು ಕೇಳಿಸಿತು. ಹೋಗಲಿಲ್ಲ. ಬಳ್ಳಿಯನ್ನು ಆಮೇಲೆ ಅವ್ವ ನೋಡಿಕೊಂಡಳು. ಅಟ್ಟ ಕಿತ್ತು ತಾರಸಿ ಹಾಕಿಸುವವರೆಗೂ ಅದು ಇತ್ತು. ನಾನು ಮಾತ್ರ ಅದರ ಹತ್ತಿರ ಹೆಚ್ಚು ಹೋಗಲಿಲ್ಲ. ಯಾರಾದರೂ ಏನನ್ನಾದರೂ ತೀರ್ಮಾನಿಸುತ್ತಿದ್ದರೆ ಇವತ್ತಿಗೂ ನನಗೆ ಸುಮ್ಮನಿರಲು ಬಾರದು. ಮಧ್ಯೆ ಕೈ ಹಾಕುತ್ತೇನೆ, ಹಾಕಿದ ಮೇಲೆ ಹೆದರುತ್ತೇನೆ. ನನ್ನ ಮಕ್ಕಳು ಇದನ್ನು ಹೇಳಿ ನಗುತ್ತಾರೆ. ಎಲ್ಲಿಂದ ಬಂತೆಂದು ಅವರಿಗೆ ಗೊತ್ತಿಲ್ಲ.

ವಿಮಲತ್ತೆ ಟೀಚರಾದಳು. ಮೂರು ತಾಲ್ಲೂಕಿನ ಹಳ್ಳಿಗಳನ್ನು ಸುತ್ತಿ, ನಿವೃತ್ತಿಯಾಗಿ ಈಗ ತುರುವೇಕೆರೆಯಲ್ಲಿ ಸ್ವಂತ ಮನೆ ಮಾಡಿಕೊಂಡಿದ್ದಾಳೆ. ಮತ್ತೆ ಮದುವೆಯಾಗಲಿಲ್ಲ. ಮಾವ ಆದರು, ಇಬ್ಬರು ಗಂಡುಮಕ್ಕಳು. ಹೋದ ಶ್ರಾವಣದಲ್ಲಿ ನಾನು ಅತ್ತೆಯ ಮನೆಯಲ್ಲಿದ್ದೆ. ಅವಳು ಹುರುಳಿಕಾಯಿ ಬಿಡಿಸುತ್ತಿದ್ದಳು, ಫೋನು ಬಂತು. ಗುರುತಿಲ್ಲದ ನಂಬರು. ಸ್ಪೀಕರ್ ಹಾಕಿದಳು.

"ಅಮ್ಮ, ನಾನು ನಿಮಗೆ ಗೊತ್ತಿಲ್ಲ. ಅಪ್ಪಾಜಿ ಇವತ್ತು ಬೆಳಿಗ್ಗೆ ತೀರ್ಕಂಡ್ರು. ನಿಮಗೆ ಹೇಳ್ಬೇಕು ಅಂತ ಅವರೇ ನಂಬರ್ ಬರ್ದಿಟ್ಟಿದ್ರು."

ಎಸ್ಟೇಟಿನ ಹೆಸರು ಹೇಳಿದ ಮೇಲೆ ಮಾವನ ಮಗನೆಂದು ತಿಳಿಯಿತು. ಅತ್ತೆ ಫೋನು ಇಟ್ಟು ಉಳಿದ ಹುರುಳಿಕಾಯಿಯನ್ನೂ ಬಿಡಿಸಿ ಮುಗಿಸಿದಳು. ಆಮೇಲೆ ಹೇಳಿದಳು:

"ಮೊದಲನೇ ವರ್ಷವೇ ಹೂ ಬುಟ್ಟಿದ್ರೆ ನಾನು ಹೊಂಟೋಗ್ತಿದ್ದೆ ಕಣೇ ಭಾಗಿ. ಕಾಯ್ತೀನಿ ಅಂದ್ರಲ್ಲ, ಆವತ್ತೇ ಮನಸ್ಸು ಮಾಡಿದ್ದೆ. ಆಮೇಲೆ ಆ ಒಂದು ವರ್ಷದಾಗೆ ಏನೇನೋ ಯೋಚನೆ ಬಂದ್ವು."

ಇಷ್ಟು ವರ್ಷ ಇದನ್ನು ಅವಳು ಹೇಳಿರಲಿಲ್ಲ.

"ಹೋಗಿದ್ರೆ ಚೆನ್ನಾಗಿರ್ತಿದ್ಯಾ ಅತ್ತೆ?"

"ಅದು ಹೆಂಗೆ ಗೊತ್ತಾಗ್ತದೆ ಬುಡು," ಎಂದು ಎದ್ದು ಸೀರೆ ಬದಲಾಯಿಸಲು ಒಳಗೆ ಹೋದಳು. "ತಿಪಟೂರಿಗೆ ಬಸ್ಸೈತೆ. ಅಲ್ಲಿಂದ ಚಿಕ್ಕಮಗಳೂರು ಬಸ್ಸು ಹಿಡಿಯಾನ. ನೀನೂ ಬತ್ತೀಯಾ?"

ಹೋದೆವು. ನಾವು ತಲುಪಿದಾಗ ಅಂಗಳದಲ್ಲಿ ಜನ ಇನ್ನೂ ಇದ್ದರು, ಹೆಣ ಎತ್ತಿರಲಿಲ್ಲ. ಜಗಲಿಯ ಮೇಲೆ ಕೂತಿದ್ದ ಹೆಂಗಸೊಬ್ಬಳು, ಮಾವ ಆಮೇಲೆ ಮದುವೆಯಾದವಳೇ ಇರಬೇಕು, ಅತ್ತೆಯನ್ನು ನೋಡಿ ಕಂಬ ಹಿಡಿದುಕೊಂಡು ಎದ್ದಳು.

"ತಿಪಟೂರು ಕಡೆಯ ಅಕ್ಕ ನೀವೇನಾ?"

"ಹೂಂ ಕಣಮ್ಮ. ನಾನೇ."

ಅವಳು ಅತ್ತೆಯ ಕೈ ಹಿಡಿದಳು. ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟಿ ಒಳಗೆ ಹೋದರು. ನೀವೂ ಬನ್ನಿ ಎಂದು ದೊಡ್ಡ ಮಗ ನನ್ನನ್ನು ಎರಡು ಸಲ ಕರೆದ. ಬತ್ತೀನಿ ಎನ್ನುತ್ತಾ ನಾನು ಅಂಗಳದಲ್ಲೇ, ಅತ್ತೆ ಬಿಟ್ಟುಹೋದ ಚಪ್ಪಲಿಯ ಪಕ್ಕ ನಿಂತೆ. ಒಳಗೆ ಹೋಗಿ ಮಾವನ ಮುಖ ನೋಡುವ ಧೈರ್ಯ ಕೊನೆಗೂ ಬರಲಿಲ್ಲ.